ನಡುವಯಸ್ಸಿನ ಆರೋಗ್ಯ ಮತ್ತು ದಾಂಪತ್ಯ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಹಿರಿಯರ ಅನುಭವದ ನುಡಿ. ಆದರೆ ನಲವತ್ತು ದಾಟಿದ ಗೃಹಸ್ಥನ ಊಟ, ನಿದ್ರೆ, ಔಷಧಗಳನ್ನು ಬಲ್ಲವರು ಬಹುತೇಕ ಮನೆಗಳಲ್ಲಿ ಅವನ ಪತ್ನಿಯೇ ಆಗಿರುತ್ತಾರೆ. ವಿವಾಹಕ್ಕೂ ಆರೋಗ್ಯಕ್ಕೂ ಇರುವ ಈ ನಂಟನ್ನು ವಿದ್ವಾಂಸರು ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ.

ಇಂಗ್ಲೆಂಡಿನ ಅಂಕಿಅಂಶತಜ್ಞ ವಿಲಿಯಂ ಫಾರ್ ಅವರು ಫ್ರಾನ್ಸ್ ದೇಶದ ಮರಣದ ಲೆಕ್ಕಗಳನ್ನು 1858ರಲ್ಲಿಯೇ ಹೋಲಿಸಿ ನೋಡಿದರು. ತೀರ ಎಳೆಯ ವಯಸ್ಸಿನಲ್ಲಿ ಮದುವೆಯಾದವರನ್ನು ಬಿಟ್ಟರೆ, ಅವಿವಾಹಿತರಿಗಿಂತ ವಿವಾಹಿತರಲ್ಲಿ ಮರಣ ಪ್ರಮಾಣ ಕಡಿಮೆಯಿತ್ತು. ಆರೋಗ್ಯವಂತರಿಗೆ ಸಂಬಂಧ ಸುಲಭವಾಗಿ ಕೂಡಿಬರುವುದೂ ಇದಕ್ಕೆ ಒಂದು ಕಾರಣವಿರಬಹುದು. ಆದ್ದರಿಂದ ತಾಳಿಯೇ ಔಷಧವೆಂದು ಭಾವಿಸುವಂತಿಲ್ಲ.

ಹಾಗಾದರೆ ದಾಂಪತ್ಯದಲ್ಲಿ ಕೆಲಸ ಮಾಡುವ ಗುಣ ಯಾವುದು? ಅಮೆರಿಕದ ಸಮಾಜಶಾಸ್ತ್ರಜ್ಞೆ ಡೆಬ್ರಾ ಅಂಬರ್ಸನ್ 1987 ಮತ್ತು 1992ರ ತಮ್ಮ ಲೇಖನಗಳಲ್ಲಿ ಇದಕ್ಕೆ ಉತ್ತರ ಹುಡುಕಿದ್ದಾರೆ. ಹತ್ತಿರದವರೊಬ್ಬರು ಗಮನಿಸುತ್ತಿದ್ದಾರೆ, ಕೇಳುತ್ತಾರೆ ಎಂಬ ಅರಿವೇ ಮನುಷ್ಯನನ್ನು ದುಶ್ಚಟಗಳಿಂದ ದೂರವಿಡುತ್ತದೆ. ಈ ನಿಗಾ ವಹಿಸುವವರಲ್ಲಿ ಹೆಂಡತಿಯರೇ ಹೆಚ್ಚು. ಅದರ ಲಾಭ ಪಡೆಯುವವರಲ್ಲಿ ಗಂಡಂದಿರು ಹೆಚ್ಚು.

ಆ ನಿಗಾ ತಪ್ಪಿದಾಗ ಆಗುವುದೇನು? ಬ್ರಿಟನ್ನಿನಲ್ಲಿ 55 ವರ್ಷ ಮೀರಿದ 4,486 ವಿಧುರರನ್ನು ಕುರಿತ ಅಧ್ಯಯನವೊಂದು 1969ರಲ್ಲಿ ಪ್ರಕಟವಾಯಿತು. ಪತ್ನಿ ತೀರಿಹೋದ ಮೊದಲ ಆರು ತಿಂಗಳಲ್ಲಿ ಅವರ ಪೈಕಿ 213 ಜನ ಮೃತಪಟ್ಟಿದ್ದರು. ಅದೇ ವಯಸ್ಸಿನ ವಿವಾಹಿತ ಪುರುಷರಿಗೆ ಹೋಲಿಸಿದರೆ ಇದು ಶೇಕಡಾ 40ರಷ್ಟು ಅಧಿಕ. ಹೀಗೆ ಹೆಚ್ಚಿದ ಸಾವುಗಳಲ್ಲಿ ಹೃದ್ರೋಗದ ಪಾಲು ದೊಡ್ಡದು. ದುಃಖದ ಭಾರದೊಡನೆ ಹೊತ್ತು ತಪ್ಪಿದ ಊಟವೂ ಮರೆತ ಮಾತ್ರೆಯೂ ಸೇರಿಕೊಂಡರೆ ದೇಹ ಎಷ್ಟು ದಿನ ತಾಳೀತು?

ದಾಂಪತ್ಯದ ಪ್ರೀತಿಯೂ ಕೆಲವೊಮ್ಮೆ ಅತಿಯಾಗುವುದುಂಟು. ಬೇಡವೆಂದರೂ ಇನ್ನೊಂದು ಹೋಳಿಗೆ, ಅದರ ಮೇಲೆ ಮತ್ತೊಂದು ಚಮಚ ತುಪ್ಪ ಬಡಿಸುವ ಕೈ, ನಡುವಯಸ್ಸಿನ ಹೊಟ್ಟೆಗೆ ಉಪಕಾರ ಮಾಡುವುದಿಲ್ಲ.

ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಎಲ್ಲರಿಗೂ ನೆನಪಿಸುವ ಗೃಹಿಣಿಗೆ ನೆನಪಿಸುವವರು ಯಾರು? ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಂಡು, ಮಂಡಿನೋವನ್ನು ನುಂಗಿಕೊಂಡು, ತಪಾಸಣೆಯನ್ನು ಮುಂದಿನ ತಿಂಗಳಿಗೆ ತಳ್ಳುವ ತಾಯಂದಿರು ಎಷ್ಟಿಲ್ಲ! ಮುಟ್ಟು ನಿಂತ ನಂತರ ಸ್ತ್ರೀಯರ ಎಲುಬುಗಳು ಬೇಗನೆ ಸವೆಯುತ್ತವೆ. ಹಾಲು, ಮೊಸರು, ರಾಗಿ ಆಗ ಅವರಿಗೇ ಮೊದಲು ಸಲ್ಲಬೇಕು. ಅಣ್ಣನ ಮನೆಯಲ್ಲಿರುವ ಅವಿವಾಹಿತ ತಂಗಿ, ಒಬ್ಬರಿಗಾಗಿ ಒಲೆ ಹೊತ್ತಿಸಲು ಮನಸ್ಸಾಗದ ವಿಧವೆ, ಖಾನಾವಳಿಯ ಊಟಕ್ಕೆ ಒಗ್ಗಿಹೋದ ಒಂಟಿ ಸೋದರಮಾವ, ಇವರನ್ನು ವಿಚಾರಿಸುವವರೂ ಬೇಕಲ್ಲವೆ?

ಇದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ವಾರಕ್ಕೆ ಐದು ದಿನ ಅರ್ಧ ಗಂಟೆಯ ಬಿರುಸಾದ ನಡಿಗೆಯನ್ನು ಪತಿ ಪತ್ನಿ ಜೊತೆಯಾಗಿ ಮಾಡಬಹುದು. ಒಂಟಿಯಾಗಿರುವ ನೆರೆಯವರನ್ನೂ ಕರೆದುಕೊಳ್ಳಬಹುದು. ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚದಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳಗಳಲ್ಲಿರುವುದೂ ಈ ಲೆಕ್ಕಕ್ಕೆ ಸೇರಿದ್ದೇ. ಮೂವತ್ತು ದಾಟಿದವರಿಗೆ ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ತಪಾಸಣೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊರೆಯುತ್ತದೆ. ಪತಿಯ ಚೀಟಿ ಮಾಡಿಸುವ ದಿನವೇ ಪತ್ನಿಯ ಚೀಟಿಯನ್ನೂ ಮಾಡಿಸುವುದು ಉತ್ತಮ ಪದ್ಧತಿ.

“ಉಂಡಿರಾ? ಮಾತ್ರೆ ತೆಗೆದುಕೊಂಡಿರಾ?” ಎಂಬ ಎರಡು ಮಾತುಗಳಲ್ಲಿ ದೊಡ್ಡ ಔಷಧವಿದೆ. ಅದು ಮನೆಯ ಯಜಮಾನನಿಗಷ್ಟೇ ಮೀಸಲಾಗದೆ, ಮನೆಯಾಕೆಗೂ ಒಂಟಿಯಾಗಿರುವ ಬಂಧುವಿಗೂ ದಿನವೂ ದೊರೆಯುವಂತಾಗಲಿ.