ಒಮ್ಮೆ ಹೂಂ, ಒಮ್ಮೆ ಊಹೂಂ

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಕಾರಿನ ಕೀಲಿ ತಿರುವುವಾಗ ಯಾರೂ ಮಾತನಾಡುವುದಿಲ್ಲ. ಎಂಜಿನ್ ಗುಡುಗಿದ ಮೇಲೆಯೇ ಎಲ್ಲರಿಗೂ ಉಸಿರು. ಹತ್ತೊಂಬತ್ತು ಸಲ ಒಂದೇ ತಿರುವಿಗೆ ಚಾಲೂ ಆಗುವ ಈ ಹಳೆಯ ಕಾರ್ಬ್ಯುರೇಟರ್ ಗಾಡಿ ಇಪ್ಪತ್ತನೆಯ ಸಲ ‘ಟಕ್’ ಎಂದು ಸುಮ್ಮನಾಗುತ್ತದೆ. ಆ ಇಪ್ಪತ್ತನೆಯ ಸಲ ಯಾವಾಗ ಬರುತ್ತದೆಂಬುದು ಅದಕ್ಕೇ ಗೊತ್ತು.

ಮಗಳ ಸಿಇಟಿ ಪರೀಕ್ಷೆಯ ದಿನ ಅದು ಬಂದದ್ದು ಹುನಗುಂದದಲ್ಲಿ. ಬಾಗಲಕೋಟೆಗೆ ಹೊರಟವರು ಚಹಾಕ್ಕೆಂದು ಹತ್ತು ನಿಮಿಷ ನಿಂತದ್ದೇ ತಪ್ಪಾಯಿತು. ಪೆಟ್ರೋಲ್ ಇದೆ, ದೀಪ ಝಗಝಗ ಉರಿಯುತ್ತದೆ, ಹಾರ್ನ್ ಕೂಗುತ್ತದೆ. ಎಂಜಿನ್ ಮಾತ್ರ ತಿರುಗಲೊಲ್ಲದು. ತಾಯಿ ಮಗಳು ಸಾರಿಗೆ ಬಸ್ಸು ಹತ್ತಿ ಅಮೀನಗಡದ ಮೇಲೆ ಬಾಗಲಕೋಟೆ ಸೇರಿದರು. ಹುಡುಗಿ ಪರೀಕ್ಷಾ ಕೊಠಡಿಗೆ ಕಾಲಿಟ್ಟಾಗ ಗಂಟೆ ಬಾರಿಸಲು ಐದೇ ನಿಮಿಷ. ಇತ್ತ ತಂದೆ ಮೆಕ್ಯಾನಿಕ್‌ನನ್ನು ಕರೆತಂದು ಕೀಲಿ ತಿರುವಿದರೆ, ಗಾಡಿ ಏನೂ ಆಗದಂತೆ ಚಾಲೂ!

“ಚಾಲೂ ಆಗೇತಲ್ರೀ ಸಾಹುಕಾರ್ರ, ಇನ್ನೇನ್ ನೋಡ್ಲಿ?” ಎಂದ ಆತ. ಅವನದೂ ತಪ್ಪಲ್ಲ. ದವಾಖಾನೆಯ ಮೆಟ್ಟಿಲು ಹತ್ತಿದೊಡನೆ ಹಲ್ಲುನೋವು ಮಾಯವಾದರೆ ವೈದ್ಯರಾದರೂ ಯಾವ ಹಲ್ಲು ಕಿತ್ತಾರು?

ದೀಪ ಉರಿದರೂ ಎಂಜಿನ್ ಏಕೆ ತಿರುಗದು? ಉತ್ತರ ಹತ್ತನೆಯ ತರಗತಿಯ ಓಮ್‌ನ ನಿಯಮದಲ್ಲಿದೆ. ಮುಂದಿನ ಎರಡು ದೀಪಗಳಿಗೆ ಸುಮಾರು 10 ಆಂಪಿಯರ್ ವಿದ್ಯುತ್ ಸಾಕು. ಸ್ಟಾರ್ಟರ್ ಮೋಟಾರಿಗೆ 150 ಆಂಪಿಯರ್ ಬೇಕಾದೀತು. ಬ್ಯಾಟರಿಗೆ ತಂತಿ ಸೇರುವಲ್ಲಿ ಕಿಲುಬು ಹಿಡಿದು 0.02 ಓಮ್ ರೋಧ ಹುಟ್ಟಿದೆಯೆನ್ನಿ. ದೀಪ ಉರಿಯುವಾಗ ಅಲ್ಲಿ ನಷ್ಟವಾಗುವುದು 0.2 ವೋಲ್ಟ್ ಮಾತ್ರ, ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಸ್ಟಾರ್ಟರ್ 150 ಆಂಪಿಯರ್ ಎಳೆಯಲು ಹೋದರೆ ಅದೇ ಜಾಗದಲ್ಲಿ 3 ವೋಲ್ಟ್ ಸೋರಿಹೋಗುತ್ತದೆ. ಹನ್ನೆರಡರಲ್ಲಿ ಮೂರು ಕಳೆದುಕೊಂಡ ಮೋಟಾರು ಸೊರಗದೆ ಏನು ಮಾಡೀತು?

ಇದಕ್ಕೆ ಕಾವು ಸೇರಬೇಕು. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಓಡುವಾಗ ಗಾಳಿ, ನೀರು ಎರಡೂ ಎಂಜಿನ್ನನ್ನು ತಣಿಸುತ್ತಿರುತ್ತವೆ. ನಿಲ್ಲಿಸಿದೊಡನೆ ಎರಡೂ ನಿಂತು, ಬಾನೆಟ್ಟಿನ ಕೆಳಗಿನ ಕಾವು ಕೆಲಹೊತ್ತು ಇಳಿಯುವ ಬದಲು ಏರುತ್ತದೆ. ತಾಮ್ರದ ಸುರುಳಿ 65 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಅದರ ರೋಧ ಕಾಲುಭಾಗದಷ್ಟು ಹೆಚ್ಚುತ್ತದೆ. ಚಹಾದ ಹತ್ತು ನಿಮಿಷ ಮುಳುವಾದದ್ದು ಹೀಗಿರಬಹುದು.

ಬಿಸಿಲಿನ ಇನ್ನೊಂದು ರೋಗವೂ ಇದೆ. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಕೊಳವೆಯಲ್ಲಿ ಆವಿ ತುಂಬಿದರೆ ಪಂಪು ಪೆಟ್ರೋಲನ್ನು ಮೇಲೆತ್ತಲಾರದು. ಹಳೆಯ ಚಾಲಕರು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೇ. ಆದರೆ ಆ ರೋಗದಲ್ಲಿ ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಇಲ್ಲಿ ತಿರುಗುವುದೇ ಇಲ್ಲ. ಎರಡನ್ನೂ ಒಂದೇ ಎಂದು ತಿಳಿದು ದುಡ್ಡು ಸುರಿದವರು ಬಹಳ ಮಂದಿ.

ಈ ಮನೆಯವರೂ ಸುರಿದಿದ್ದಾರೆ. ಹೊಸ ಬ್ಯಾಟರಿ ಬಂತು, ಸ್ಟಾರ್ಟರಿಗೆ ಹೊಸ ತಂತಿ ಸುತ್ತಿಸಿದ್ದಾಯಿತು. ಪ್ರತಿ ಸಲವೂ ಹತ್ತು ಬಾರಿ ಸಲೀಸಾಗಿ ಚಾಲೂ ಆಯಿತು, “ರಿಪೇರಿ ಆಯ್ತು” ಎಂದು ತಂದೆ ನಿಟ್ಟುಸಿರು ಬಿಟ್ಟರು. ಲೆಕ್ಕ ಹಾಕಿದವಳು ಮಗಳು. ಇಪ್ಪತ್ತಕ್ಕೊಮ್ಮೆ, ಯಾವಾಗೆಂದು ಹೇಳಲಾಗದಂತೆ ಕೈಕೊಡುವ ಗಾಡಿಯನ್ನು ಮುಟ್ಟದೆ ಹಾಗೆಯೇ ಬಿಟ್ಟರೂ ಸತತ ಹತ್ತು ಸಲ ಚಾಲೂ ಆಗುವ ಸಂಭವನೀಯತೆ 0.95ರ ಹತ್ತನೆಯ ಘಾತ, ಅಂದರೆ ನೂರಕ್ಕೆ ಸುಮಾರು 60! ಹತ್ತು ಸಲ ಚಾಲೂ ಆದದ್ದರಿಂದ ಏನೂ ಸಿದ್ಧವಾಗಲಿಲ್ಲ. ಅಂಥ ಅದೃಷ್ಟದ ಪಾಲು ನೂರಕ್ಕೆ ಐದಕ್ಕಿಂತ ಕೆಳಗಿಳಿಯಬೇಕಾದರೆ 59 ಸಲ ತಪ್ಪದೆ ಚಾಲೂ ಆಗಬೇಕು. ಅಷ್ಟು ತಾಳ್ಮೆ ಯಾರಿಗಿದೆ!

ಅಂದಿನಿಂದ ಡ್ಯಾಶ್‌ಬೋರ್ಡಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು. ದಿನ, ವೇಳೆ, ಎಷ್ಟು ದೂರ ಓಡಿತ್ತು, ಎಷ್ಟು ನಿಮಿಷ ನಿಂತಿತ್ತು, ‘ಟಕ್’ ಬಂತೋ ಇಲ್ಲವೋ. ಚಾಲೂ ಆದ ದಿನಗಳನ್ನೂ ಬರೆಯಬೇಕೆಂಬುದು ಅವಳ ಹಟ. ಕೆಟ್ಟ ದಿನಗಳಷ್ಟೇ ನೆನಪಿದ್ದರೆ ಹೋಲಿಸುವುದು ಯಾವುದರೊಡನೆ? ಬೇಸಿಗೆ ಮುಗಿಯುವಷ್ಟರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ಟಕ್’ ಬಂದದ್ದೆಲ್ಲ ಗಾಡಿ ನಿಂತ ಹತ್ತರಿಂದ ಮೂವತ್ತು ನಿಮಿಷದೊಳಗೆ.

ಕಾರಣ ಸಿಗುವವರೆಗೆ ಬಾಳುವೆ ನಡೆಯಬೇಕಲ್ಲ. ಅಮೀನಗಡದಲ್ಲಿ ಕರದಂಟು ಕೊಳ್ಳುವಾಗ ಒಬ್ಬರು ಎಂಜಿನ್ ಚಾಲೂ ಇಟ್ಟು ಕೂರುತ್ತಾರೆ. ಎಲ್ಲಿ ಹೋದರೂ ತಂದೆಯ ಕಣ್ಣು ಇಳಿಜಾರು ಹುಡುಕುತ್ತದೆ. ಆ ಮಟ್ಟಿಗೆ ಬಾದಾಮಿಯ ಗುಡ್ಡದ ಊರು ಅವರಿಗೆ ಬಲು ಪ್ರೀತಿ. ವಿದ್ಯುತ್ ಸ್ಟಾರ್ಟರ್ ಇಲ್ಲದ ಕಾಲದಲ್ಲಿ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುವುತ್ತಿದ್ದರು. ಅದು ಹಿಂದಕ್ಕೆ ಒದ್ದು ಕೈಮೂಳೆ ಮುರಿಯುವುದೂ ಇತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ಕ್ರಮೇಣ ತಪ್ಪಿತು. ಈ ಮನೆಯವರಿಗೆ ಅರ್ಧ ಮಾತ್ರ ತಪ್ಪಿದೆ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆಂದು ಹೋಗಿ ಬಾದಾಮಿಯಲ್ಲಿ ಉಳಿದರು. ಮರುದಿನ ನಸುಕಿನಲ್ಲಿ, ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಎಂಜಿನ್ ‘ಟಕ್’ ಎಂದಿತು. ಕಾವಿನ ಸಿದ್ಧಾಂತವೇ ಬುಡಮೇಲು! ಮಗಳು ನೋಟ್‌ಬುಕ್ಕಿನಲ್ಲಿ ವೇಳೆ ಬರೆದು ಮುಂದೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಗಾಡಿ ಹೇಗೂ ಇಳಿಜಾರಿನಲ್ಲೇ ಇತ್ತು. ತಾಯಿ ಮಗಳು ಹಿಂದಿನಿಂದ ಒಂದಿಷ್ಟು ದಬ್ಬಿದರು, ತಂದೆ ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟರು, ಚಾಲೂ ಆಯಿತು.