ಕಚೇರಿಗೆ ಹೋಗುವ ಮುನ್ನ

ಕಚೇರಿ ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ. ಒಂದು ಬಗೆಯ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತನಾದವನು ನಾನು. ಇನ್ನೊಂದು ಬಗೆಯ ಕಚೇರಿಯಲ್ಲಿ ಹಿಂದಿನ ಸಾಲಿನ ಕೇಳುಗನಾಗಿ ಕುಳಿತು, ಮೊದಲನೆಯದರ ದಣಿವನ್ನು ಕಳೆದುಕೊಂಡವನು. ಆದ್ದರಿಂದಲೇ ಇರಬೇಕು, ಶಿಕಾರಿಪುರದಲ್ಲಿ ನನ್ನೊಡನೆ ಓದಿದ, ಈಗ ನಿವೃತ್ತ ಶಾಲಾ ಶಿಕ್ಷಕನಾಗಿರುವ ಗೆಳೆಯನೊಬ್ಬ ಕಳೆದ ರಾಮನವಮಿಗೆ ಮುನ್ನ ನನಗೆ ದೂರವಾಣಿ ಮಾಡಿದ.

‘ಏನು ಮಾರಾಯ, ಬೆಂಗಳೂರಿಗೆ ಮಗನ ಮನೆಗೆ ಬರ್ತಾ ಇದೀನಿ. ಒಂದು ಒಳ್ಳೆಯ ಸಂಗೀತ ಕಚೇರಿ ಕೇಳಬೇಕು ಅಂತ ಬಹಳ ದಿನದ ಆಸೆ. ಆದರೆ ನಂಗೆ ರಾಗ, ತಾಳ ಏನೂ ಗೊತ್ತಿಲ್ಲ. ಅಲ್ಲಿಗೆ ಬರೋರೆಲ್ಲ ತಿಳಿದವರೇ ಅಂತೆ. ನಾನು ಹೋಗಿ ಕೂತರೆ ಏನಂತಾರೋ!’

ಈ ಅಳುಕು ಅವನೊಬ್ಬನದಲ್ಲ. ಶಾಸ್ತ್ರೀಯ ಸಂಗೀತದ ಸಭೆಗಳಲ್ಲಿ ನರೆಗೂದಲಿನವರೇ ಹೆಚ್ಚಾಗಿ ಕಾಣುವುದಕ್ಕೆ ನಾವು ಹಲವು ಕಾರಣಗಳನ್ನು ಹುಡುಕುತ್ತೇವೆ: ಸಿನಿಮಾ, ದೂರದರ್ಶನ, ಈಗಿನ ಮೊಬೈಲು. ಆದರೆ ‘ನಮಗೆ ತಿಳಿಯದು, ನಾವು ಹೋಗಬಾರದು’ ಎಂಬ ಸಂಕೋಚದಿಂದ ಬಾಗಿಲಲ್ಲೇ ಹಿಂದಿರುಗಿದವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾಗದ ಹೆಸರು ತಿಳಿದಿರುವುದು ಕಚೇರಿಯ ಪ್ರವೇಶ ಶುಲ್ಕವಲ್ಲ. ವೇಳೆಗೆ ಸರಿಯಾಗಿ ಹೋಗಿ, ಮೌನವಾಗಿ ಕುಳಿತು, ಕೊನೆಯವರೆಗೆ ಕೇಳುವುದೇ ಆ ಶುಲ್ಕ. ಅದನ್ನು ಯಾರು ಬೇಕಾದರೂ ತೆರಬಹುದು.

ಹಾಗೆ ನೋಡಿದರೆ ನಮ್ಮ ಸೀಮೆಯವರು ಇದರಲ್ಲಿ ಸಂಕೋಚಪಡಬೇಕಾದ ಕಾರಣವೇ ಇಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವನಾದ ಅಲ್ಲಮ ಮೊದಲಿಗೆ ಮದ್ದಳೆ ನುಡಿಸುತ್ತಿದ್ದವನೆಂದು ಹರಿಹರ ತನ್ನ ರಗಳೆಯಲ್ಲಿ ಹೇಳುತ್ತಾನೆ. ಆ ಊರಿನ ತ್ರಿಪುರಾಂತಕೇಶ್ವರ ದೇವಾಲಯದ ಕೆತ್ತನೆಗಳಲ್ಲಿ ನರ್ತಕಿಯರೂ ವಾದ್ಯಗಾರರೂ ಇಂದಿಗೂ ಇದ್ದಾರೆ. ಸೊರಬ ತಾಲ್ಲೂಕಿನ ಆನವಟ್ಟಿಯಿಂದ ಉತ್ತರಕ್ಕೆ ಹೊರಟರೆ ಹಾನಗಲ್ಲು ಸಿಗುತ್ತದೆ. ಪಂಚಾಕ್ಷರಿ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಹುಟ್ಟಿದ್ದು ಆ ತಾಲ್ಲೂಕಿನಲ್ಲಿ. ಗಂಗೂಬಾಯಿ (1913–2009) ಆ ಊರಿನ ಹೆಸರನ್ನೇ ತಮ್ಮ ಹೆಸರಿನೊಡನೆ ದೇಶವಿದೇಶಗಳಿಗೆ ಒಯ್ದರು. ದಕ್ಷಿಣಕ್ಕೆ ಹೋದರೆ ಕರ್ನಾಟಕ ಸಂಗೀತ, ಉತ್ತರಕ್ಕೆ ಹೋದರೆ ಹಿಂದೂಸ್ತಾನಿ. ಎರಡರ ನಡುವಿನ ಹೊಸ್ತಿಲಲ್ಲಿ ಕುಳಿತವರು ನಾವು. ಸಂಗೀತ ನಮ್ಮದಲ್ಲವೆಂದು ನಮಗೆ ಹೇಳಿದವರು ಯಾರು?

ಆದರೂ ಮೊದಲ ಸಲ ಹೋಗುವವರಿಗೆ ಕೆಲವು ವಿಷಯಗಳನ್ನು ಹೇಳಿಕೊಡಬೇಕಾಗುತ್ತದೆ. ನನಗೆ ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೆಂಗಳೂರಿನ ಒಂದು ಸಭೆಯಲ್ಲಿ ಮೃದಂಗದವರು ಒಬ್ಬರೇ ನುಡಿಸಲು ತೊಡಗಿದಾಗ ಹಾಡು ಮುಗಿಯಿತೆಂದೇ ತಿಳಿದು ನಾನು ಎದ್ದೆ. ಸಾಲಿನಲ್ಲಿದ್ದ ಎಂಟು ಹತ್ತು ಮಂದಿ ಕಾಲು ಮಡಿಸಿ ದಾರಿ ಬಿಟ್ಟರು. ಕಾಫಿ ಕುಡಿದು ಮರಳಿ ಬಂದಾಗ ಅವರೆಲ್ಲ ಮತ್ತೊಮ್ಮೆ ಕಾಲು ಮಡಿಸಬೇಕಾಯಿತು. ಪಕ್ಕದಲ್ಲಿದ್ದ ಹಿರಿಯರು ಮೆಲ್ಲಗೆ, ‘ಇಡೀ ಸಂಜೆಯಲ್ಲಿ ಅವರ ಪಾಲಿಗೆ ಬರುವುದು ಇದೊಂದೇ ಅವಕಾಶ ಸ್ವಾಮಿ, ಆಗಲೇ ಎದ್ದುಬಿಟ್ಟಿರಲ್ಲ’ ಎಂದರು. ಆ ನಾಚಿಕೆ ಇಂದಿಗೂ ನೆನಪಿದೆ. ಗೆಳೆಯನಿಗೆ ಹೇಳಿದ್ದನ್ನೇ ಇಲ್ಲಿ ಕೊಂಚ ವಿವರವಾಗಿ ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಬೆಂಗಳೂರಿನಲ್ಲಿ ಹೊರಗಿನಿಂದ ಬಂದವರು ಸುಲಭವಾಗಿ ತಲುಪಬಹುದಾದ ಮೂರು ತಾಣಗಳನ್ನು ಹೆಸರಿಸುತ್ತೇನೆ. ಮೊದಲನೆಯದು, ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಈ ಉತ್ಸವ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದೊಂದಿಗೆ ದಶಕಗಳಿಂದ ಬೆಸೆದುಕೊಂಡಿದೆ. ಎರಡನೆಯದು, 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜ. ಇದು ಬಸವನಗುಡಿಯ ಕಡೆ ಕೆ.ಆರ್. ರಸ್ತೆಯಲ್ಲಿದೆ. ಮೂರನೆಯದು, ಮಲ್ಲೇಶ್ವರದ ಸಮೀಪದ ಚೌಡಯ್ಯ ಸ್ಮಾರಕ ಭವನ. ಏಳು ತಂತಿಯ ಪಿಟೀಲಿನಿಂದ ಹೆಸರಾದ ಟಿ. ಚೌಡಯ್ಯನವರ (1895–1967) ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಈ ಸಭಾಂಗಣ 1980ರಲ್ಲಿ ತೆರೆಯಿತು. ಮೊದಲ ಎರಡಕ್ಕೂ ಮೆಟ್ರೊ ರೈಲಿನ ಹಸಿರು ಮಾರ್ಗ ಅನುಕೂಲ. ಕೋಟೆ ಪ್ರೌಢಶಾಲೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣ, ಗಾಯನ ಸಮಾಜಕ್ಕೆ ನ್ಯಾಷನಲ್ ಕಾಲೇಜು ನಿಲ್ದಾಣ ಹತ್ತಿರ. ಚೌಡಯ್ಯ ಭವನಕ್ಕೆ ಮೆಜೆಸ್ಟಿಕ್‌ನಿಂದ ಆಟೊ ಹಿಡಿಯುವುದೇ ಸರಿ.

ಆದರೆ ಹಳೆಯ ನೆನಪನ್ನು ನಂಬಿ ಹೊರಡಬೇಡಿ. ಕಾರ್ಯಕ್ರಮದ ದಿನ, ಸ್ಥಳ, ವೇಳೆ, ಪ್ರವೇಶ ಉಚಿತವೋ ಟಿಕೆಟ್ಟೋ ಎಂಬುದನ್ನು ಆಯಾ ವರ್ಷದ ಆಹ್ವಾನ ಪತ್ರಿಕೆಯಲ್ಲೋ ಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣದಲ್ಲೋ ನೋಡಿಕೊಳ್ಳಿ. ಉಚಿತ ಪ್ರವೇಶವಿದ್ದರೂ ಮುಂದಿನ ಕೆಲವು ಸಾಲುಗಳು ದಾನಿಗಳಿಗೆ, ಸದಸ್ಯರಿಗೆ ಮೀಸಲಾಗಿರುವುದುಂಟು. ಅಲ್ಲಿ ಕುಳಿತು ಎಬ್ಬಿಸಿಕೊಳ್ಳುವುದಕ್ಕಿಂತ ಸ್ವಯಂಸೇವಕರನ್ನು ಮೊದಲೇ ಕೇಳುವುದು ಲೇಸು. ಕಚೇರಿ ಎರಡೂವರೆ, ಮೂರು ಗಂಟೆ ನಡೆಯಬಹುದು. ಆದ್ದರಿಂದ ಹೊಟ್ಟೆಗೆ ಸ್ವಲ್ಪ ಹಾಕಿಕೊಂಡೇ ಹೋಗಿ. ಹಿಂದಿರುಗುವ ಬಸ್ಸಿನ ಅಥವಾ ಮೆಟ್ರೊದ ಕೊನೆಯ ವೇಳೆಯನ್ನು ಮೊದಲೇ ವಿಚಾರಿಸಿಡಿ. ಹವಾನಿಯಂತ್ರಿತ ಸಭಾಂಗಣದಲ್ಲಿ ವಯಸ್ಸಾದವರಿಗೆ ಒಂದು ಶಾಲು ಬೇಕಾಗುತ್ತದೆ. ಮೈದಾನದ ಚಪ್ಪರವಾದರೆ ಬೇಸಿಗೆಯ ಸೆಕೆಗೆ ಹತ್ತಿ ಬಟ್ಟೆಯೇ ಹಿತ. ರೇಷ್ಮೆ ಸೀರೆ, ಜರಿ ಪಂಚೆ ಯಾರಿಗೂ ಕಡ್ಡಾಯವಲ್ಲ.

ಸಭೆಯೊಳಗೆ

ಆರಂಭದ ವೇಳೆಗೆ ಕಾಲು ಗಂಟೆ ಮುಂಚೆ ಕುಳಿತಿರಬೇಕು. ಸರ್ಕಾರಿ ಕಚೇರಿಯಲ್ಲಿ ತಡವಾಗಿ ಬಂದವನು ಹಾಜರಿ ಪುಸ್ತಕಕ್ಕೆ ಮಾತ್ರ ಉತ್ತರಿಸಿದರೆ ಸಾಕು. ಇಲ್ಲಿ ತಡವಾಗಿ ಬಂದವನು ಇಡೀ ಸಾಲಿನ ಗಮನ ಕೆಡಿಸುತ್ತಾನೆ. ತಡವಾದರೆ ಬಾಗಿಲ ಬಳಿಯೇ ನಿಂತಿದ್ದು, ನಡೆಯುತ್ತಿರುವ ಹಾಡು ಮುಗಿದು ಚಪ್ಪಾಳೆ ಬೀಳುವಾಗ ಒಳಗೆ ಹೋಗಿ ಕುಳಿತುಕೊಳ್ಳಿ. ಮಕ್ಕಳನ್ನು ಖಂಡಿತ ಕರೆತನ್ನಿ, ಆದರೆ ಸಾಲಿನ ತುದಿಯಲ್ಲಿ ಕುಳಿತುಕೊಳ್ಳಿ. ಮಗು ಬೇಸರಗೊಂಡರೆ ಹಾಡಿನ ಕೊನೆಯಲ್ಲಿ ಮೆಲ್ಲನೆ ಹೊರಗೆ ಕರೆದೊಯ್ಯಬಹುದು. ಅದು ಅರ್ಧ ಗಂಟೆ ಕೇಳಿದರೂ ಲಾಭವೇ.

ಮೊಬೈಲಿನ ವಿಷಯದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹೇಳುತ್ತೇನೆ. ಐನೂರು ಜನರಿರುವ ಸಭೆಯಲ್ಲಿ ಒಂದು ಮೊಬೈಲು ಹತ್ತು ಸೆಕೆಂಡು ಬಾರಿಸಿತೆನ್ನಿ. ಒಟ್ಟು ಐದು ಸಾವಿರ ಸೆಕೆಂಡು, ಅಂದರೆ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಶ್ರವಣ ನಷ್ಟ. ಮೊಬೈಲಿನ ಒಡೆಯ ಅದಕ್ಕಾಗಿ ಒಂದು ಪೈಸೆಯನ್ನೂ ತೆರುವುದಿಲ್ಲ. ಒಬ್ಬನ ಅಜಾಗ್ರತೆಯ ವೆಚ್ಚವನ್ನು ಉಳಿದವರು ಭರಿಸುವ ಇಂಥ ಪರಿಸ್ಥಿತಿಗೆ ಅರ್ಥಶಾಸ್ತ್ರದಲ್ಲಿ ಬಾಹ್ಯ ಪರಿಣಾಮ ಎನ್ನುತ್ತಾರೆ. ಆದ್ದರಿಂದ ಒಳಹೋಗುವ ಮೊದಲೇ ಅದನ್ನು ಪೂರ್ತಿ ಆರಿಸಿಬಿಡಿ. ಕಲಾವಿದರ, ಸಂಘಟಕರ ಅನುಮತಿಯಿಲ್ಲದೆ ಧ್ವನಿಮುದ್ರಣವೂ ಬೇಡ, ಚಿತ್ರೀಕರಣವೂ ಬೇಡ. ಎತ್ತಿ ಹಿಡಿದ ಪರದೆಯ ಬೆಳಕು ಹಿಂದಿನವರ ಕಣ್ಣಿಗೆ ಕುಕ್ಕುತ್ತದೆ.

ಹಾಡಿನ ಕ್ರಮ

ಕರ್ನಾಟಕ ಸಂಗೀತದ ಕಚೇರಿಗೆ ಇಂದು ರೂಢಿಯಲ್ಲಿರುವ ಚೌಕಟ್ಟನ್ನು ಒದಗಿಸಿದವರು ಅರಿಯಾಕುಡಿ ರಾಮಾನುಜ ಅಯ್ಯಂಗಾರ್ (1890–1967) ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಮೊದಲಿಗೆ ತಂಬೂರಿ, ವಾದ್ಯಗಳ ಶ್ರುತಿ ಕೂಡಿಸುತ್ತಾರೆ. ಅದು ಹರಟೆಯ ಸಮಯವಲ್ಲ. ಆ ನಾದವನ್ನು ಕೇಳುತ್ತ ನಮ್ಮ ಕಿವಿಯೂ ಸಿದ್ಧವಾಗಬೇಕು. ಆಮೇಲೆ ಸಾಮಾನ್ಯವಾಗಿ ಒಂದು ವರ್ಣ, ಅದರ ಹಿಂದೆ ಚಿಕ್ಕ ಕೃತಿಗಳು. ನಡುವೆ ಒಂದು ರಾಗವನ್ನು ಆರಿಸಿಕೊಂಡು ಗಾಯಕರು ಸಾಹಿತ್ಯವಿಲ್ಲದೆ, ತಾಳವಿಲ್ಲದೆ ವಿಸ್ತರಿಸುತ್ತಾರೆ. ಇದು ಆಲಾಪನೆ. ಪಿಟೀಲಿನವರು ಅದಕ್ಕೆ ತಮ್ಮ ಉತ್ತರ ಕೊಡುತ್ತಾರೆ. ಬಳಿಕ ದೊಡ್ಡ ಕೃತಿ, ಅದರ ಒಂದು ಸಾಲನ್ನು ಹಲವು ಬಗೆಯಲ್ಲಿ ಹಾಡುವ ನೆರವಲ್, ಅಲ್ಲೇ ಹುಟ್ಟುವ ಕಲ್ಪನಾಸ್ವರಗಳು. ಕೆಲವು ದಿನ ರಾಗ, ತಾನ, ಪಲ್ಲವಿಯೂ ಇರುತ್ತದೆ. ಕೊನೆಯ ಭಾಗದಲ್ಲಿ ದೇವರನಾಮ, ತಿಲ್ಲಾನದಂಥ ಹಗುರವಾದ ರಚನೆಗಳು ಬಂದು ಮಂಗಳದೊಂದಿಗೆ ಮುಕ್ತಾಯ.

ದೊಡ್ಡ ರಚನೆಯ ಕೊನೆಗೆ ಬರುವುದೇ ನಾನು ಎದ್ದು ಹೋದ ತನಿ ಆವರ್ತನ. ಗಾಯಕರೂ ಪಿಟೀಲಿನವರೂ ಸುಮ್ಮನಾಗಿ ತಾಳ ಹಾಕುತ್ತಾರೆ. ಮೃದಂಗ, ಘಟ, ಖಂಜಿರದವರು ತಮ್ಮ ವಿದ್ಯೆಯನ್ನು ತೋರಿಸುತ್ತಾರೆ. ಅದುವರೆಗೆ ಇನ್ನೊಬ್ಬರ ಹಾಡನ್ನು ಹೊತ್ತು ನಡೆದವರ ಸರದಿ ಇದು. ದುರದೃಷ್ಟವಶಾತ್ ನಮ್ಮ ಸಭೆಗಳಲ್ಲಿ ಕ್ಯಾಂಟೀನಿಗೆ ಅತಿ ಹೆಚ್ಚು ಜನ ಹೋಗುವುದೂ ಆಗಲೇ. ಹೊಸಬರು ಈ ಹಳೆಯ ದುರಭ್ಯಾಸವನ್ನು ಕಲಿಯದಿರಲಿ. ಆದಿತಾಳವಾದರೆ ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೊದಲಾಗಿ ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಅಂಗೈ ತಿರುವು, ಪೆಟ್ಟು, ತಿರುವು. ಗಾಯಕರ ಕೈಯನ್ನೇ ನೋಡುತ್ತ ನಿಮ್ಮ ತೊಡೆಯ ಮೇಲೆ ಸದ್ದಿಲ್ಲದೆ ಎಣಿಸಿ. ಎಲ್ಲೆಲ್ಲೋ ಅಲೆದ ನುಡಿಕಾರ ಕೊನೆಗೆ ಸರಿಯಾದ ಜಾಗಕ್ಕೆ ಬಂದು ಸೇರಿದಾಗ ಆಗುವ ಸಂತೋಷಕ್ಕೆ ಯಾವ ಪಾಂಡಿತ್ಯವೂ ಬೇಡ.

ಹಿಂದೂಸ್ತಾನಿ ಕಚೇರಿಯ ನಡೆ ಬೇರೆ. ಅಲ್ಲಿ ಒಂದೇ ರಾಗ ಮುಕ್ಕಾಲು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಬೆಳೆಯಬಹುದು. ಮೊದಲು ವಿಲಂಬಿತದ ಖ್ಯಾಲ್, ಬಳಿಕ ದ್ರುತ್. ಆರಂಭದ ನಿಧಾನವನ್ನು ಕಂಡು ತಾಳ್ಮೆ ಕಳೆದುಕೊಳ್ಳಬಾರದು. ಬೀಜ ಬಿತ್ತಿದ ಮರುದಿನವೇ ತೆನೆ ಹುಡುಕುವ ರೈತ ನಮ್ಮಲ್ಲಿ ಯಾರಿದ್ದಾರೆ? ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ (1886–1952) ಪುಣ್ಯತಿಥಿಯಂದು ಅಹೋರಾತ್ರಿ ಸಂಗೀತ ನಡೆಯುವ ಪರಂಪರೆಯಿದೆ. ಶಿಕಾರಿಪುರ, ಸೊರಬದವರು ಅವಕಾಶವಾದರೆ ಒಮ್ಮೆ ಅಲ್ಲಿಗೂ ಹೋಗಿ ಕುಳಿತು ಬರಬೇಕು.

ಚಪ್ಪಾಳೆ ಯಾವಾಗ ಎಂಬುದು ಎಲ್ಲರ ಪ್ರಶ್ನೆ. ಹಾಡು ಮುಗಿದಾಗ, ಆಲಾಪನೆ ಮುಗಿದಾಗ, ಪಿಟೀಲಿನವರ ಸರದಿ ಮುಗಿದಾಗ, ತನಿ ಮುಗಿದಾಗ ತಟ್ಟಬಹುದು. ಸಂದೇಹವಿದ್ದರೆ ಇತರರು ತಟ್ಟುವವರೆಗೆ ಕಾಯಿರಿ. ನಡುವೆ ಮನಸ್ಸು ತುಂಬಿ ಬಂದು ‘ಭೇಷ್’ ಎಂದರೆ ತಪ್ಪಿಲ್ಲ, ಅದು ಪಕ್ಕದವರಿಗೆ ಹಾಡನ್ನು ಮರೆಸದಿದ್ದರೆ ಸಾಕು. ‘ಇದು ಯಾವ ರಾಗ ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡುವ ಪಂಡಿತರು ಪಕ್ಕದಲ್ಲಿ ಸಿಕ್ಕರೆ ನಕ್ಕು ಸುಮ್ಮನಾಗಿ. ರಾಗದ ಹೆಸರನ್ನು ಮನೆಗೆ ಹೋದ ಮೇಲೂ ತಿಳಿಯಬಹುದು. ಆದರೆ ಮತ್ತೆ ಕೇಳಲಾಗದ ಒಂದು ಸಂಗತಿ ಆ ಕ್ಷಣದಲ್ಲಿ ತಪ್ಪಿಹೋಗುತ್ತದೆ.

ಬಸ್ಸಿಗಾಗಿ ಬೇಗ ಹೊರಡಲೇಬೇಕಾದವರು ಸಾಲಿನ ತುದಿಯ ಕುರ್ಚಿ ಹಿಡಿದು, ಎರಡು ಹಾಡುಗಳ ನಡುವೆ ಎದ್ದು ಹೋಗಲಿ. ಉಳಿದವರು ಮಂಗಳದವರೆಗೆ ಇರಲಿ. ಹೊರಡುವಾಗ ಬಾಗಿಲಲ್ಲಿ ಕಾಣಿಕೆಯ ಪೆಟ್ಟಿಗೆ ಇದ್ದರೆ ಕೈಲಾದಷ್ಟು ಹಾಕಿ. ಪ್ರವೇಶ ಉಚಿತವೆಂದರೆ ಖರ್ಚು ಇಲ್ಲವೆಂದಲ್ಲ; ಕಲಾವಿದರ ಸಂಭಾವನೆ, ಚಪ್ಪರ, ಧ್ವನಿವರ್ಧಕ ಎಲ್ಲದಕ್ಕೂ ಬೇರೆ ಯಾರೋ ಹಣ ತೆತ್ತಿದ್ದಾರೆ. ಎಲ್ಲರೂ ಬಳಸಿ ಯಾರೂ ಕೊಡದಿದ್ದರೆ ಕೆರೆಯೇ ಆಗಲಿ, ಸಂಗೀತ ಸಭೆಯೇ ಆಗಲಿ ಬಹುಕಾಲ ಉಳಿಯದು.

ನನ್ನ ಗೆಳೆಯ ಈ ಮಾತುಗಳನ್ನು ಕೇಳಿಸಿಕೊಂಡು ಕಚೇರಿಗೆ ಹೋದ. ಮರುದಿನ ಬೆಳಿಗ್ಗೆ ಅವನದೇ ಕರೆ. ಮೊದಲ ಎರಡು ಹಾಡಿನವರೆಗೆ ಹೆದರಿಕೊಂಡೇ ಕುಳಿತಿದ್ದನಂತೆ. ಮೂರನೆಯ ಹಾಡಿನ ಹೊತ್ತಿಗೆ ಹೆದರಿಕೆ ಮರೆತೇಹೋಯಿತಂತೆ. ತನಿ ಆವರ್ತನದಲ್ಲಿ ನಾಲ್ಕು ಸಲ ಲೆಕ್ಕ ತಪ್ಪಿ, ಐದನೆಯ ಸಲ ಸರಿಯಾಯಿತಂತೆ. ಕೊನೆಯಲ್ಲಿ ಬಂದ ದೇವರನಾಮ ಅವನ ತಾಯಿ ಬೆಳಗಿನ ಹೊತ್ತು ಹಾಡುತ್ತಿದ್ದುದೇ ಆಗಿತ್ತು. ಅದನ್ನು ಹೇಳುವಾಗ ಅವನ ದನಿ ಸ್ವಲ್ಪ ತಗ್ಗಿತು.

ಆಮೇಲೆ ಅವನು ಕೇಳಿದ: ‘ಅಲ್ಲ ಮಾರಾಯ, ಇದನ್ನು ಕೇಳೋಕೆ ನಾವು ಬೆಂಗಳೂರಿಗೇ ಬರಬೇಕಾ? ನಮ್ಮೂರಲ್ಲಿ ವರ್ಷಕ್ಕೆ ಎರಡಾದರೂ ಮಾಡೋಕಾಗಲ್ವಾ?’ ಖಂಡಿತ ಆಗುತ್ತದೆ. ಒಂದು ಶಾಲೆಯ ಸಭಾಂಗಣ, ಒಂದು ಜಮಖಾನ, ಹದವಾದ ಧ್ವನಿವರ್ಧಕ, ಜಿಲ್ಲೆಯಲ್ಲೇ ಇರುವ ಒಬ್ಬ ಒಳ್ಳೆಯ ಕಲಾವಿದರಿಗೆ ಗೌರವದ ಸಂಭಾವನೆ ಇದ್ದರೆ ಆರಂಭಕ್ಕೆ ಸಾಕು. ಭಾಷಣ, ಹಾರ, ಶಾಲುಗಳನ್ನು ಹತ್ತು ನಿಮಿಷಕ್ಕೆ ಮುಗಿಸಿ, ಹೇಳಿದ ವೇಳೆಗೆ ಹಾಡು ಆರಂಭಿಸಬೇಕು. ಮೊದಲ ವರ್ಷ ನಲವತ್ತು ಜನ ಬಂದಾರು. ಆ ನಲವತ್ತು ಮಂದಿ ಮೊಬೈಲು ಆರಿಸಿ ಕೊನೆಯವರೆಗೆ ಕುಳಿತರೆ, ಕಲಾವಿದರು ಮರುವರ್ಷ ತಾವಾಗಿಯೇ ಬರಲು ಒಪ್ಪುತ್ತಾರೆ. ಈ ಮಾತನ್ನು ಗೆಳೆಯನಿಗೆ ಹೇಳಿದ್ದೇನೆ. ಜಮಖಾನ ಹಾಸುವ ಕೆಲಸಕ್ಕೆ ನಾನೂ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ.