ಶಿಬಿರ ಎದ್ದುಹೋದ ಮೇಲೆ

ನೇಪಾಳದ ಗುಡ್ಡಗಾಡು ಹಳ್ಳಿಗಳಲ್ಲಿ ನಡೆಯುವ ಮಹಿಳಾ ಆರೋಗ್ಯ ಶಿಬಿರಗಳಿಗೆ ಹೊರದೇಶಗಳಿಂದ ಸ್ವಯಂಸೇವಕರು ಹೋಗುವುದು ಹೊಸದೇನಲ್ಲ. ಭಾರತೀಯರಿಗಂತೂ ಅಲ್ಲಿ ವೀಸಾ ಕೂಡ ಬೇಕಿಲ್ಲ. ಚಿಕಿತ್ಸೆ ನೀಡುವ ವೈದ್ಯರು ಅಲ್ಲಿನ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಪಡೆಯಬೇಕು. ಉಳಿದವರಿಗೆ ಬಹುಮಟ್ಟಿಗೆ ಉತ್ಸಾಹವೇ ಅರ್ಹತೆ. ಆ ಉತ್ಸಾಹ ಯಾವ ಕೆಲಸಕ್ಕೆ ಒದಗಬೇಕು ಎಂಬುದನ್ನು ಮಾತ್ರ ಯೋಚಿಸಬೇಕಾಗಿದೆ.

ಶಿಬಿರಕ್ಕೆ ಬರುವ ಹೆಂಗಸರ ಮುಖ್ಯ ಸಂಕಟಗಳಲ್ಲೊಂದು ಗರ್ಭಕೋಶ ಕೆಳಜಾರುವುದು. ಎಳೆಯ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಹಣೆಗೆ ಪಟ್ಟಿ ಕಟ್ಟಿ, 'ಡೋಕೋ' ಎಂಬ ಬಿದಿರು ಬುಟ್ಟಿಯಲ್ಲಿ ಸೌದೆ, ಗೊಬ್ಬರ ಹೊತ್ತು ಏರು ಹತ್ತುವ ದುಡಿಮೆ ಇದಕ್ಕೆ ಕಾರಣ. ಆಸರೆಯ ಸ್ನಾಯುಗಳು ಸಡಿಲಗೊಂಡು ಗರ್ಭಕೋಶ ಕೆಳಗಿಳಿಯುತ್ತದೆ. ತೀವ್ರವಾದಾಗ ದೇಹದ ಹೊರಗೇ ಬರುತ್ತದೆ. ಗಂಡನಿಗೂ ಹೇಳದೆ ವರ್ಷಗಟ್ಟಲೆ ಸಹಿಸಿಕೊಂಡವರಿದ್ದಾರೆ. ಇದು ಸಂತಾನೋತ್ಪತ್ತಿ ಆರೋಗ್ಯದ ಹಕ್ಕಿನ ಪ್ರಶ್ನೆಯೆಂದು 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಉಚಿತ ಚಿಕಿತ್ಸೆ ಒದಗಿಸುವಂತೆ ಸರ್ಕಾರಕ್ಕೆ ನಿರ್ದೇಶನ ನೀಡಿತು. 2018ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು.

ಆರಂಭದ ಹಂತಗಳಲ್ಲಿ ವ್ಯಾಯಾಮ, ಇಲ್ಲವೇ ಗರ್ಭಕೋಶಕ್ಕೆ ಆಸರೆಯಾಗಿ ಒಳಗಿಡುವ ಉಂಗುರ ಸಾಕಾಗುತ್ತದೆ. ಉಂಗುರ ಅಳವಡಿಸುವುದು ನಿಮಿಷಗಳ ಕೆಲಸ. ಆದರೆ ಅದನ್ನು ಕೆಲವು ತಿಂಗಳಿಗೊಮ್ಮೆ ತೆಗೆದು, ತೊಳೆದು, ಒಳಭಾಗವನ್ನು ಪರೀಕ್ಷಿಸಬೇಕು. ಮರೆತರೆ ಹುಣ್ಣು, ಸೋಂಕು, ರಕ್ತಸ್ರಾವ. ಶಿಬಿರದ ವರದಿಯಲ್ಲಿ 'ಚಿಕಿತ್ಸೆ ಪಡೆದವರು' ಎಂಬ ಲೆಕ್ಕಕ್ಕೆ ಸೇರಿದ ಹೆಂಗಸು ಅದೇ ಉಂಗುರದಿಂದ ಮತ್ತೆ ರೋಗಿಯಾಗಬಹುದು. ಶಸ್ತ್ರಚಿಕಿತ್ಸೆಯಾದವರು ಹಲವು ವಾರ ಭಾರ ಎತ್ತುವಂತಿಲ್ಲ. ಅಲ್ಲಿಯವರೆಗೆ ನೀರು ಹೊರುವವರು ಯಾರು? ಈ ಮಾತನ್ನು ಅತ್ತೆಗೆ, ಗಂಡನಿಗೆ ಅವರ ನುಡಿಯಲ್ಲೇ ತಿಳಿಹೇಳುವವರು ಬೇಕು.

ಅಂಥವರು ಹಳ್ಳಿಯಲ್ಲೇ ಇದ್ದಾರೆ. ನೇಪಾಳ 1988ರಲ್ಲಿ ಆರಂಭಿಸಿದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಕಿಯರ ಪಡೆ ಮುಂದೆ 50 ಸಾವಿರ ದಾಟಿತು. ಸಂಬಳವಿಲ್ಲದ, ಅಲ್ಪಸ್ವಲ್ಪ ಭತ್ಯೆಯ ದುಡಿಮೆ ಇವರದು. (ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.) ಯಾವ ಮನೆಯಲ್ಲಿ ಯಾರು ನೋವು ನುಂಗಿಕೊಂಡಿದ್ದಾರೆಂದು ಇವರಿಗೆ ಗೊತ್ತು. ವಾರದ ಮಟ್ಟಿಗೆ ಬರುವ ಅತಿಥಿ ಇವರ ಕೈಕೆಳಗೆ ದುಡಿಯುವುದೇ ಸರಿಯಾದ ಕ್ರಮ. ಪರೀಕ್ಷೆಯ ಜಾಗಕ್ಕೆ ಪರದೆ ಕಟ್ಟುವುದು, ಸರದಿ ನೋಡಿಕೊಳ್ಳುವುದು, ಅಳುವ ಕೂಸನ್ನು ಎತ್ತಿಕೊಳ್ಳುವುದು ಸಣ್ಣ ಕೆಲಸಗಳಲ್ಲ. ಕ್ಯಾಮೆರಾ ಚೀಲದಲ್ಲಿಯೇ ಇರಲಿ.

ಎಲ್ಲಕ್ಕಿಂತ ಉಪಯುಕ್ತವಾದುದು ದಾಖಲೆಯ ಕೆಲಸ: ಯಾರಿಗೆ ಯಾವ ಅಳತೆಯ ಉಂಗುರ, ಯಾವ ತಿಂಗಳು ಮರುಪರೀಕ್ಷೆ ಎಂಬ ಪಟ್ಟಿ, ನೇಪಾಳಿಯಲ್ಲಿ. ಶಿಬಿರ ಎದ್ದುಹೋಗುವ ದಿನ ಅದರ ಒಂದು ಪ್ರತಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಇನ್ನೊಂದು ಆ ಊರಿನ ಸ್ವಯಂಸೇವಕಿಯ ಕೈಯಲ್ಲಿ ಇರಬೇಕು. ಜೊತೆಗೆ ಬದಲಿ ಉಂಗುರಗಳೂ.